ಕಾಗದದ ಮೇಲಿನ ಹನ್ನೊಂದು ಮಂದಿ

"ಹೊಟ್ಟೆ ಒಳಗೆ ಎಳ್ಕೊಳ್ರೇ ಮುಂಡೇವಾ! ಫುಟ್‌ಬಾಲ್ ಆಡೋರು ಹಿಂಗಾ ನಿಲ್ಲೋದು? ಸಂತೆಗೆ ಹೊಡ್ಕೊಂಡು ಬಂದಿರೋ ಎಮ್ಮೆ ಥರ ನಿಂತಿದೀರಲ್ಲ!"

ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ ನಮ್ಮ ಸಾಲಿನ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದ. ನಾವು ಹನ್ನೊಂದು ಜನ ಹೆಂಗಸರು, ಜಿಲ್ಲಾ ಕ್ರೀಡಾಂಗಣದ ಗ್ಯಾಲರಿ ಗುಡಿಸಿ ಕಕ್ಕಸು ತೊಳೆಯುವವರು. ಅವತ್ತು ಬೆಳಿಗ್ಗೆ ನಮ್ಮ ಪೊರಕೆ ಕಸಿದುಕೊಂಡು ಒಬ್ಬೊಬ್ಬರ ಕೈಗೂ ಒಂದು ನೀಲಿ ಜೆರ್ಸಿ, ಒಂದು ಚಡ್ಡಿ ತುರುಕಿದ್ದ. ನಾಚಿಕೆಯವರು ಚಡ್ಡಿಯನ್ನು ಪೈಜಾಮದ ಮೇಲೆಯೇ ಏರಿಸಿಕೊಂಡಿದ್ದರು. ಬೂಟು ಏಳೇ ಜೊತೆ ಇದ್ದವು, ಎಲ್ಲವೂ ಗಂಡಸರವು. ನನ್ನ ಬೂಟಿನಲ್ಲಿ ಇನ್ನೊಂದು ಕಾಲಿಗೂ ಜಾಗವಿತ್ತು.

"ಹೆಸರು ಬಾಯಿಪಾಠ ಆಯ್ತೇನೇ?" ಎಂದು ನನ್ನೆದುರು ನಿಂತ. "ಯಾರೇ ನೀನು?"

"ನಿಮ್ಮ ಅತ್ತೆ."

ಸಾಲೆಲ್ಲ ಕಿಸಕ್ಕೆಂದಿತು. ನಾನೇನು ತಮಾಷೆ ಮಾಡಿರಲಿಲ್ಲ. ಕಾಗದದ ಪ್ರಕಾರ ನಾನು ಅವನ ಹೆಂಡತಿಯ ತಾಯಿ, ತಂಡದ ಗೋಲ್‌ಕೀಪರ್, ವಯಸ್ಸು ಇಪ್ಪತ್ನಾಲ್ಕು. ಅವನ ಹೆಂಡತಿಯೂ ಅದೇ ತಂಡದಲ್ಲಿದ್ದಳು, ವಯಸ್ಸು ಇಪ್ಪತ್ತಾರು. ಮಗಳಿಗಿಂತ ತಾಯಿ ಎರಡು ವರ್ಷ ಚಿಕ್ಕವಳು.

"ಅಳಿಯಂದ್ರು ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡ್ಬೇಕಪ್ಪ," ಎಂದೆ.

"ನಾಲಿಗೆ ಸೀಳಿಬಿಡ್ತೀನಿ, ಬೇವರ್ಸಿ! ಮೇಡಂ ಮುಂದೆ ಒಬ್ಳು ಬಾಯಿ ಬಿಟ್ರೂ ನಾಳೆಯಿಂದ ಹನ್ನೊಂದು ಜನಕ್ಕೂ ಕೆಲಸ ಇಲ್ಲ, ತಿಳೀತಾ?"

ತಿಳಿಯದೇ ಏನು? ದೇಶದಲ್ಲಿ ಫುಟ್‌ಬಾಲ್ ಹೇಗೆ ನಡೆಯುತ್ತದೆ ಎಂಬುದನ್ನು ನಾವು ಸಂಸ್ಥೆಯ ಆಫೀಸಿನ ಕಸದ ಬುಟ್ಟಿಯಿಂದಲೇ ಕಲಿತವರು. ತುತ್ತತುದಿಯಲ್ಲಿ ರಾಷ್ಟ್ರೀಯ ಸಂಸ್ಥೆ, ಅದರ ಕೆಳಗೆ ರಾಜ್ಯ ಸಂಸ್ಥೆ, ಅದರ ಕೆಳಗೆ ಜಿಲ್ಲಾ ಸಂಸ್ಥೆ, ಜಿಲ್ಲೆಯ ಕೆಳಗೆ ಕ್ಲಬ್ಬುಗಳು, ಕ್ಲಬ್ಬುಗಳ ಕೆಳಗೆ ನಮ್ಮ ಕಕ್ಕಸು. ಮೇಲಿನಿಂದ ಸುತ್ತೋಲೆ ಇಳಿಯುತ್ತದೆ, ಕೆಳಗಿನಿಂದ ಓಟು ಏರುತ್ತದೆ. ಚೆಂಡು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಹೆಂಗಸರ ತಂಡವಿಲ್ಲದ ಜಿಲ್ಲೆಗೆ ಓಟೂ ಇಲ್ಲ ಎಂದು ನಾಲ್ಕು ವರ್ಷದ ಹಿಂದೆ ಒಂದು ಸುತ್ತೋಲೆ ಇಳಿದಿತ್ತು. ಅಂದಿನಿಂದ ಜಿಲ್ಲಾ ಸಂಸ್ಥೆಯ ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಮನೆಯ ಹೆಂಗಸರೆಲ್ಲ ಕಾಗದದ ಮೇಲೆ ಬೆವರು ಸುರಿಸಿ ಆಡುತ್ತಿದ್ದರು. ಒಂದು ಪಂದ್ಯವನ್ನೂ ಸೋತಿರಲಿಲ್ಲ. ಈಗ ಮುಂದಿನ ತಿಂಗಳು ಚುನಾವಣೆ, ನಮ್ಮ ಅಧ್ಯಕ್ಷರಿಗೆ ರಾಜ್ಯ ಸಂಸ್ಥೆಯ ಕುರ್ಚಿಯ ಮೇಲೆ ಕಣ್ಣು. ಅಷ್ಟರಲ್ಲಿ ತಂಡವನ್ನು ಕಣ್ಣಾರೆ ನೋಡಿ ಬರಲು ರಾಷ್ಟ್ರೀಯ ಸಂಸ್ಥೆ ಒಬ್ಬ ವೀಕ್ಷಕಿಯನ್ನು ಕಳಿಸಿತ್ತು.

ನನ್ನ ತಂಗಿಗೆ ಒಂಬತ್ತನೇ ನಂಬರಿನ ಜೆರ್ಸಿ ಬಂದಿತ್ತು. ಕಾಗದದ ಮೇಲೆ ಅವಳು ಅಧ್ಯಕ್ಷರ ಸೊಸೆ. ನಮ್ಮಲ್ಲಿ ನಿಜವಾಗಿ ಆಟ ಬರುತ್ತಿದ್ದುದು ಅವಳೊಬ್ಬಳಿಗೇ. ನಾವು ವಾಸವಿದ್ದ ಖೋಲಿಗಳ ಹಿಂದಿನ ಬಯಲಿನಲ್ಲಿ ಬರಿಗಾಲಲ್ಲೇ ಗಂಡಸರನ್ನು ಆಟವಾಡಿಸುತ್ತಿದ್ದಳು. ಆದರೆ ಜಿಲ್ಲಾ ಸಂಸ್ಥೆಯ ನೋಂದಣಿ ಇಲ್ಲದೆ ಆಯ್ಕೆ ಶಿಬಿರದ ಗೇಟನ್ನೂ ದಾಟುವಂತಿಲ್ಲ. ಮೂರು ಸಲ ಅರ್ಜಿ ಹಿಡಿದು ಹೋದಳು. "ಹೆಂಗಸರ ತಂಡಾನೇ ಇಲ್ವಲ್ಲಮ್ಮ ನಮ್ಮಲ್ಲಿ," ಎಂದ ಕಾರ್ಯದರ್ಶಿ ಅರ್ಜಿಯಲ್ಲಿ ಬಜ್ಜಿಯ ಎಣ್ಣೆ ಒರೆಸಿಕೊಂಡ. ಅದನ್ನು ಬುಟ್ಟಿಯಿಂದ ಎತ್ತಿದವಳೂ ನಾನೇ. ಇಪ್ಪತ್ತಮೂರು ದಾಟಿದರೆ ಶಿಬಿರಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳಿಗೆ ಉಳಿದಿದ್ದು ಎರಡೇ ತಿಂಗಳು.

"ಅಕ್ಕಾ, ಆ ಮೇಡಂ ಒಂದು ಕಾಲದಲ್ಲಿ ದೇಶಕ್ಕೆ ಆಡಿದೋರಂತೆ," ಎಂದು ಕಿವಿಯಲ್ಲಿ ಉಸುರಿದಳು. "ಹೆಸರು ಯಾವ್ದಾದ್ರೂ ಇರ್ಲಿ, ಕಾಲು ನೋಡಿದ್ರೆ ಗೊತ್ತಾಗುತ್ತೆ ಅವ್ರಿಗೆ."

ಮೇಡಂ ಬಂದರು. ಅಧ್ಯಕ್ಷರು ಹೂಗುಚ್ಛ ಕೊಟ್ಟು ಶಾಮಿಯಾನದ ಕೆಳಗೆ ಕೂರಿಸಿದರು. ಪಕ್ಕದಲ್ಲಿ ಕಪ್ಪು ಕನ್ನಡಕದ ನಿಜವಾದ ಸೊಸೆ ಎಳನೀರು ಹೀರುತ್ತಿದ್ದಳು. ಮೇಡಂ ತಂಡದ ಪಟ್ಟಿಯಲ್ಲಿದ್ದ ಫೋಟೋ ನೋಡಿ ನಮ್ಮ ಮುಖ ನೋಡಿದರು. ಜೆರಾಕ್ಸಿನ ಮೇಲೆ ಜೆರಾಕ್ಸು ಆಗಿ ಹನ್ನೊಂದು ಮುಖವೂ ದೋಸೆ ಹಂಚಿನ ತಳದಂತಿದ್ದವು. ಯಾರನ್ನು ಬೇಕಾದರೂ ಯಾರೆಂದು ಬೇಕಾದರೂ ಹೇಳಬಹುದಿತ್ತು.

"ಸರಿ, ಹತ್ತು ನಿಮಿಷ ಆಡಿ ತೋರಿಸ್ಲಿ," ಎಂದರು ಮೇಡಂ.

ಕಾರ್ಯದರ್ಶಿ ಅಡ್ಡ ಬಂದ. "ಮೇಡಂ, ನಿನ್ನೆ ತಾನೇ ಪಂದ್ಯ ಆಡಿ ಸುಸ್ತಾಗಿದಾರೆ..."

"ಹತ್ತೇ ನಿಮಿಷ."

ಆರು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ನಮ್ಮೆಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಚೆಂಡು ತನ್ನ ಕಡೆ ಬಂದಾಗ ಎರಡೂ ಕೈಯಲ್ಲಿ ಎತ್ತಿಕೊಂಡು, "ಯಾರಿಗೆ ಕೊಡ್ಲೇ ಇದನ್ನ?" ಎಂದು ಕೂಗಿದಳು. ಒಬ್ಬಳು ಒದ್ದ ರಭಸಕ್ಕೆ ಬೂಟು ಗೋಲಿಗೆ ಹೋಯಿತು, ಚೆಂಡು ಅಲ್ಲೇ ಉಳಿಯಿತು. ನಾನು ಬೂಟನ್ನು ಚೆನ್ನಾಗಿ ಹಿಡಿದೆ. ಅಷ್ಟರಲ್ಲಿ ಚೆಂಡು ತಂಗಿಯ ಕಾಲಿಗೆ ಸಿಕ್ಕಿತು. ಅವಳು ಬೂಟು ಕಿತ್ತೆಸೆದು ನಾಲ್ವರನ್ನು ಬಳಸಿಕೊಂಡು ಬಂದಳು. ಎಡಕ್ಕೆ ಹೊಡೆಯುತ್ತಾಳೆಂದು ಎಡಕ್ಕೆ ಬಿದ್ದೆ. ಚೆಂಡು ಬಲಗಡೆ ಬಲೆಯೊಳಗಿತ್ತು. ಹೀಗೆ ಮೂರು ಸಲ ನನ್ನನ್ನು ಮಣ್ಣು ಮುಕ್ಕಿಸಿದಳು, ನನಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಮೇಡಂ ಎದ್ದು ನಿಂತಿದ್ದರು. ಅವರಿಗೆ ಕೊಟ್ಟ ಎಳನೀರು ಮುಟ್ಟಿರಲಿಲ್ಲ.

"ಒಂಬತ್ತನೇ ನಂಬರು ಯಾರು? ನಾನು ಅವಳ ಹೆಸರು ರಾಷ್ಟ್ರೀಯ ಶಿಬಿರಕ್ಕೆ ಬರೀತೀನಿ."

"ನಮ್ಮ ಸೊಸೆ ಮೇಡಂ!" ಎಂದರು ಅಧ್ಯಕ್ಷರು, ಹಲ್ಲೆಲ್ಲ ಬಿಟ್ಟು. ನಿಜವಾದ ಸೊಸೆ ಗಾಬರಿಯಾಗಿ ಮಾವನ ತೋಳು ಜಗ್ಗಿದಳು. ಕಾರ್ಯದರ್ಶಿ ಬಗ್ಗಿ ಪಿಸುಗುಟ್ಟಿದ, "ನೀವೇನೂ ಆಡೋದು ಬೇಡಮ್ಮ. ಕಾಲು ಉಳುಕ್ತು ಅಂತ ವಾಪಸ್ ಬಂದ್ರಾಯ್ತು. ಶಿಬಿರದ ಪತ್ರ ಒಂದಿದ್ರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಗ್ಯಾರಂಟಿ."

ಅವನ ಪಿಸುಮಾತು ಗ್ಯಾಲರಿಯ ತುದಿಗೂ ಕೇಳುವಂಥದ್ದು. ತಂಗಿಗೂ ಕೇಳಿಸಿತು, ಮೇಡಂಗೂ ಕೇಳಿಸಿತು. ತಂಗಿ ಮೇಡಂ ಮುಖವನ್ನೇ ನೋಡುತ್ತಿದ್ದಳು.

ಮೇಡಂ ಮೊಹರು ಹಾಕಿದ ನೋಂದಣಿ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟರು. ಜಿಲ್ಲೆಗೆ ಒಂದೇ ಹಾಳೆ, ತಲುಪಿಸಲು ಅವತ್ತೇ ಕೊನೆಯ ದಿನ. ಒಬ್ಬೊಬ್ಬರೂ ಅವರ ಎದುರಿಗೇ ತಮ್ಮ ಹೆಸರಿನ ಮುಂದೆ ಸಹಿ ಮಾಡಬೇಕಿತ್ತು. ಸಹಿಯನ್ನೆಲ್ಲ ಆಮೇಲೆ ತಾನೇ ಮಾಡಿ ಮುಗಿಸಬಹುದೆಂದುಕೊಂಡಿದ್ದ ಕಾರ್ಯದರ್ಶಿ ಬೆವತುಹೋದ. ಮೊದಲ ಹೆಸರು ಅಧ್ಯಕ್ಷರ ಹೆಂಡತಿಯದು, ಎಂ.ಎ., ಕಾಲೇಜಿನ ಪ್ರಾಂಶುಪಾಲೆ. ಆ ಹೆಸರು ಹೊತ್ತಿದ್ದ ದೊಡ್ಡಮ್ಮ ಮುಂದೆ ಹೋಗಿ ಎಡಗೈ ಹೆಬ್ಬೆರಳು ಚಾಚಿದಳು.

"ಮಸಿ ಎಲ್ಲೈತಪ್ಪ?"

ಮೇಡಂ ಹೆಬ್ಬೆರಳು ನೋಡಿದರು, ಹಾಳೆ ನೋಡಿದರು, ಕೊನೆಗೆ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ತಣ್ಣಗೆ ನಕ್ಕರು.

"ರಾಷ್ಟ್ರೀಯ ಸಂಸ್ಥೆ ಚುನಾವಣೇಲಿ ನಮ್ಮ ಓಟು ನಿಮ್ಮ ಸಾಹೇಬ್ರಿಗೇ ಅಂತ ನಿನ್ನೇನೇ ಫೋನಲ್ಲಿ ಮಾತಾಗಿದೆ, ಮೇಡಂ. ನಿಮಗೆ ಹೇಳಿರ್ಬೇಕಲ್ಲ?"

ಮೇಡಂ ತಮ್ಮ ಪೆನ್ನಿನ ಕ್ಯಾಪು ತೆಗೆದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಪ್ರಾಂಶುಪಾಲರ ಕೈಗೆ ಪೆಟ್ಟಾಗಿದೆ ಅಂತ ಪಕ್ಕದಲ್ಲಿ ಬರೀರಿ," ಎಂದರು. ತಂಗಿಯ ಕಡೆ ಒಂದು ಸಲವೂ ನೋಡಲಿಲ್ಲ. ಆ ಹೆಂಗಸಿಗೆ ಎಲ್ಲವೂ ಗೊತ್ತಾಗಿತ್ತು.

ಹೆಬ್ಬೆಟ್ಟುಗಳು ಒಂದೊಂದಾಗಿ ಬಿದ್ದವು. ನಾನೂ ಒತ್ತಿದೆ. ಕೆಲಸ ಹೋದರೆ ಏನು ತಿನ್ನುವುದು ಎಂದುಕೊಂಡೇ ಒತ್ತಿದೆ, ಸುಳ್ಳು ಯಾಕೆ ಹೇಳಲಿ. ತಂಗಿ ಬಂದಳು. ಮಸಿ ಬೇಡವೆಂದು ತಲೆಯಾಡಿಸಿ ಮೇಡಂ ಕೈಯಿಂದಲೇ ಪೆನ್ನು ತೆಗೆದುಕೊಂಡಳು.

ಹಾಳೆಯ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ಪ್ರಾಂಶುಪಾಲೆ, ಅತ್ತೆ, ಸೊಸೆ ಎಲ್ಲರ ಮೇಲೂ ಹಾಯಿಸಿಕೊಂಡು ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದಳು. ಅದರ ಕೆಳಗೆ ಅಮ್ಮನ ಹೆಸರು. ಅದರ ಕೆಳಗೆ ಕಕ್ಕಸಿನ ಹಿಂದಿರುವ ನಮ್ಮ ಖೋಲಿಯ ನಂಬರು. ಬರೆದು ಮುಗಿಸಿ ಪೆನ್ನಿನ ಕ್ಯಾಪು ಹಾಕಿ ಮೇಡಂಗೆ ವಾಪಸು ಕೊಟ್ಟಳು.

"ಆಡಿದ್ದು ನಾನು," ಎಂದಳು.

"ಹಾಳೆ ಹಾಳಾಯ್ತಲ್ಲ!" ಎಂದು ಕಾರ್ಯದರ್ಶಿ ಎದೆ ಹಿಡಿದುಕೊಂಡ. "ಓಟು ಹೋಯ್ತಲ್ಲೇ ಹಲ್ಕಾ ಮುಂಡೆ!"

ಅಧ್ಯಕ್ಷರ ನಗು ಇಳಿದುಹೋಗಿತ್ತು. "ಪೊಲೀಸ್ರಿಗೆ ಫೋನ್ ಮಾಡು. ಎಲ್ರನ್ನೂ ಕೆಲಸದಿಂದ ಕಿತ್ತಾಕು. ಜೆರ್ಸಿ ಸಂಸ್ಥೆ ಆಸ್ತಿ, ಇಲ್ಲೇ ಬಿಚ್ಚಿಟ್ಟು ಹೋಗ್ಲಿ."

"ಬಾ, ಬಿಚ್ಕೊ," ಎಂದಳು ತಂಗಿ.

ಕಾರ್ಯದರ್ಶಿ ಒಂದು ಹೆಜ್ಜೆ ಮುಂದೆ ಬಂದ. ದೊಡ್ಡಮ್ಮ ಮಸಿ ಮೆತ್ತಿದ ಹೆಬ್ಬೆರಳನ್ನು ಅವನ ಬಿಳಿ ಅಂಗಿಯ ಮೇಲೆ ಒತ್ತಿದಳು. ಅವನು ಎರಡು ಹೆಜ್ಜೆ ಹಿಂದೆ ಹೋದ. ಹನ್ನೊಂದು ಜನರೂ ಶಾಮಿಯಾನಕ್ಕೆ ಬೆನ್ನು ಹಾಕಿ ಮೈದಾನದ ನಡುವೆ ನಡೆದೆವು. ನಾಳೆ ಗಂಜಿಗೇನು ಗತಿ ಎಂಬುದು ಎಲ್ಲರ ತಲೆಯಲ್ಲೂ ಇತ್ತು.

"ಅಕ್ಕಾ, ಗೋಲಿಗೆ ಹೋಗು. ಹತ್ತು ನಿಮಿಷ ಸಾಲ್ಲಿಲ್ಲ ನಂಗೆ," ಎಂದಳು ತಂಗಿ, ಚೆಂಡನ್ನು ಗೋಲಿನೆದುರಿನ ಸುಣ್ಣದ ಚುಕ್ಕೆಯ ಮೇಲಿಟ್ಟು.

ಪೊಲೀಸ್ ಜೀಪು ಗೇಟಿನೊಳಗೆ ಬರುವಷ್ಟರಲ್ಲಿ ಅವಳು ಇನ್ನೆರಡು ಗೋಲು ಹೊಡೆದಿದ್ದಳು. ಮೂರನೆಯದನ್ನು ನಾನು ತಡೆದಿದ್ದೆ.