ಬ್ರೂಕ್ಲಿನ್ ಚಿಕ್ಕಮ್ಮನ ಪಾಠ

“ಬಲೆ ಯಾರದು ಅಂತ ನೀನು ಬರೆದೇ ಇಲ್ವಲ್ಲ?” ಎಂದು ಫೋನಿನೊಳಗಿನ ಇಂಗ್ಲೆಂಡಿನ ಟೀಚರಮ್ಮ ಕೇಳಿದಳು.

ಕೆರೀಶಾ ತಬ್ಬಿಬ್ಬಾಗಿ ಬಾಗಿಲ ಕಡೆ ನೋಡಿದಳು. ಬಾಗಿಲ ಮರೆಯಲ್ಲಿ ಅವಳ ಅಮ್ಮ ಆರ್ಡೆಲ್, ಬ್ರೆಡ್ಡಿನ ಹಿಟ್ಟು ಮೊಣಕೈವರೆಗೆ ಮೆತ್ತಿಕೊಂಡು, ಕಿವಿಯನ್ನಷ್ಟೇ ಜಗಲಿಗೆ ಚಾಚಿ ನಿಂತಿದ್ದಳು. ‘ನಮ್ಮೂರಿನ ಒಂದು ದಿನ’ ಎಂಬ ಪ್ರಬಂಧಕ್ಕೆ ಹುಡುಗಿ ತಮ್ಮೂರು ಕಾಸ್ತಾರಾದ ಕಡಲ ದಂಡೆಯಲ್ಲಿ ಬಲೆ ಎಳೆಯುವುದನ್ನು ಬರೆದಿದ್ದಳು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನು. ಅದರಲ್ಲಿ ಕೇಳುವುದಾದರೂ ಏನಿದೆ!

“ದಾರೀಲಿ ಹೋಗೋರಿಗೆಲ್ಲ ಯಾಕೆ ಮೀನು ಕೊಡ್ತಾರೆ? ಓದೋರಿಗೆ ಅರ್ಥ ಆಗಲ್ಲ ಮಗು. ಒಂದು ವಾರ ಟೈಮ್ ತಗೋ, ನಿಧಾನವಾಗಿ ಇನ್ನೊಂದ್ಸಲ ಬರಿ.”

ಒಂದು ವಾರವಂತೆ! ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಕೊಡುವುದು ಒಂದು ಗಂಟೆಯೂ ಇಲ್ಲ. ಆರ್ಡೆಲ್ ಮನಸ್ಸಿನಲ್ಲೇ ಆ ಪುಣ್ಯಾತ್ಗಿತ್ತಿಗೆ ಕೈ ಮುಗಿದುಬಿಟ್ಟಳು.

ಐದನೇ ಸ್ಟ್ಯಾಂಡರ್ಡಿನ ಮಕ್ಕಳೆಲ್ಲ ಒಂದೇ ದಿನ ಕೂತು ಬರೆಯುವ ಆ ಪರೀಕ್ಷೆಯೇ ಯಾವ ಮಗು ಯಾವ ಹೈಸ್ಕೂಲಿಗೆ ಎಂದು ತೀರ್ಮಾನಿಸುವುದು. ಸ್ಕಾರ್ಬರೋ ಪಟ್ಟಣದ ಗುಡ್ಡದ ಮೇಲಿನ ಹೈಸ್ಕೂಲಿನ ಮೇಲೆ ಇಡೀ ಟೊಬೇಗೋ ದ್ವೀಪದ ಕಣ್ಣು. ಸೀಟು ಮಾತ್ರ ಬೆರಳೆಣಿಕೆಯಷ್ಟು. ಆರ್ಡೆಲ್‌ಗೆ ಚಿಕ್ಕವಳಿದ್ದಾಗ ಆ ಗುಡ್ಡ ಹತ್ತಲಾಗಲಿಲ್ಲ. ಮಗಳಾದರೂ ಹತ್ತಲಿ ಎಂಬ ಆಸೆ ಅವಳನ್ನು ಹಗಲಿರುಳು ಕೊರೆಯುತ್ತಿತ್ತು. ಊರಲ್ಲಿ ಸಂಜೆ ಪಾಠ ಹೇಳುತ್ತಿದ್ದ ಟೀಚರು ಗಂಡನ ಹಿಂದೆ ಕೆನಡಾಕ್ಕೆ ಹೊರಟುಹೋದ ಮೇಲೆ ಉಳಿದಿದ್ದು ಈ ಫೋನೊಂದೇ.

ಫೋನಿನ ಎರಡನೆಯ ಮೇಷ್ಟ್ರು ಪಕ್ಕದ ದ್ವೀಪ ಟ್ರಿನಿಡಾಡಿನವನು. ಪರೀಕ್ಷೆಯ ಒಳಹೊರಗೆಲ್ಲ ಬಲ್ಲವನು, ಮಾತೂ ಅರಳು ಹುರಿದಂತೆ. ಆದರೆ ಅವನು ಕಲಿಸಿದ್ದು ಒಂದೇ ಒಂದು ಕಥೆ: ಹೊಂಬಿಸಿಲ ಮುಂಜಾನೆ ನಾಯಿಮರಿ ಕಳೆದುಹೋಗಿ ಸಂಜೆಗೆ ಸಿಗುವುದು. ಯಾವ ಪ್ರಶ್ನೆ ಬಂದರೂ ಅದನ್ನೇ ತಿರುಗಿಸಿ ಬರೆಯಬೇಕಂತೆ. ಕೆರೀಶಾ ಪಾತ್ರೆ ತೊಳೆಯುತ್ತ ಹೊಂಬಿಸಿಲು, ಹೊಂಬಿಸಿಲು ಎಂದು ಉರು ಹೊಡೆಯತೊಡಗಿದಳು.

“ಚಂಡಮಾರುತದ ಬಗ್ಗೆ ಬರಿ ಅಂದ್ರೆ ಏನೇ ಮಾಡ್ತೀಯ?” ಎಂದು ಆರ್ಡೆಲ್ ಕೇಳಿದಳು.

“ನಾಯಿಮರಿ ಗಾಳೀಲಿ ಹಾರಿಹೋಗತ್ತೆ ಅಷ್ಟೆ.”

“ಅಯ್ಯೋ ದೇವರೇ! ಇವ್ನಿಗಿಂತ ಆ ಇಂಗ್ಲೆಂಡಿನವಳೇ ವಾಸಿ. ಹೋಗ್ಲಿ, ಅವ್ಳು ಬಲೆ ಯಾರದು ಅಂತಾದ್ರೂ ಕೇಳಿದ್ಳು.”

ಮೂರನೆಯವಳನ್ನು ಪತ್ತೆ ಮಾಡಿಕೊಟ್ಟವಳು ಬ್ರೆಡ್ಡಿನ ಗಿರಾಕಿಯೊಬ್ಬಳು. ಮಿಸ್ ಟೈಟಸ್, ದ್ವೀಪದ ಆ ಮಗ್ಗುಲಿನ ರಾಕ್ಸ್‌ಬರೋದಲ್ಲಿ ಐದನೇ ಸ್ಟ್ಯಾಂಡರ್ಡಿಗೆ ಪಾಠ ಹೇಳಿ ಹೇಳಿಯೇ ರಿಟೈರ್ ಆದವಳು. ಫೋನನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದೆ ಪರದೆಯಲ್ಲಿ ಬರೀ ಹಣೆ ಕಾಣಿಸುತ್ತಿತ್ತು. ಆ ಹಣೆಯೇ ಗದರಿತು: “ಬಲೆ ಎಳೆಯೋದು ಬರೆದಿದ್ದೀಯ, ಸಂತೋಷ. ಹಗ್ಗ ಉಜ್ಜಿ ಅಂಗೈ ಉರೀಲಿಲ್ವಾ? ಅದೆಲ್ಲಿ? ಗಡಿಯಾರ ಇಟ್ಕೋ. ಈಗ್ಲೇ, ನನ್ನ ಮುಂದೆ ಬರಿ.” ಕೆರೀಶಾ ನಾಲಿಗೆ ಕಚ್ಚಿಕೊಂಡು ಬರೆಯತೊಡಗಿದಳು. ಬಾಗಿಲ ಹಿಂದೆ ಆರ್ಡೆಲ್‌ಗೆ ಖುಷಿಯೋ ಖುಷಿ.

ಖುಷಿಯ ಬೆನ್ನಿಗೇ ಭಯವೂ ಹುಟ್ಟಿತು. ಇಂಥವಳೊಬ್ಬಳು ಸಿಕ್ಕಿದ್ದಾಳೆಂದು ಊರಿಗೆ ಗೊತ್ತಾದರೆ ಎಲ್ಲರೂ ಮುಗಿಬೀಳುವುದಿಲ್ಲವೇ? ಇರುವ ನಾಲ್ಕು ಸೀಟು ಯಾರ ಪಾಲಾದೀತು? ಪಕ್ಕದ ಮನೆಯ ಮರ್ಲೀನ್‌ಳ ಮಗಳು ಅಬಿಯೋಲಾ ಕೆರೀಶಾಳ ಕ್ಲಾಸಿನಲ್ಲೇ ಓದುವವಳು, ಲೆಕ್ಕದಲ್ಲಿ ಚೂಟಿ. ಅದಕ್ಕೇ ಆರ್ಡೆಲ್ ಒಂದು ಸುಳ್ಳು ಕಟ್ಟಿದಳು: ಅಮೆರಿಕದ ಬ್ರೂಕ್ಲಿನ್‌ನಲ್ಲಿರುವ ಚಿಕ್ಕಮ್ಮ ಫೋನ್ ಮಾಡುತ್ತಾಳೆ, ಮಗುವಿನ ಜೊತೆ ಮಾತಾಡುತ್ತಾಳೆ. ಬ್ರೂಕ್ಲಿನ್‌ನಲ್ಲಿ ಚಿಕ್ಕಮ್ಮನಿಲ್ಲದ ಮನೆ ಈ ಊರಲ್ಲಿ ಯಾವುದಿದೆ? ಸಂಕಟವೇನೆಂದರೆ, ಆ ಪಾಠ ಬರುತ್ತಿದ್ದುದೇ ಮರ್ಲೀನ್‌ಳ ಅತಿಥಿಗೃಹದ ವೈಫೈಯಿಂದ. ‘ಬ್ರೆಡ್ ಆರ್ಡರಿಗೆ ಇಟ್ಕೊಳೇ’ ಎಂದು ಅವಳೇ ಪಾಸ್‌ವರ್ಡ್ ಕೊಟ್ಟಿದ್ದಳು.

ಮರ್ಲೀನ್ ಬೇಲಿಯಾಚೆಯಿಂದ ಕೆಣಕುವಳು: “ಏನೇ ಆರ್ಡೆಲ್, ನಿಮ್ಮ ಚಿಕ್ಕಮ್ಮ ದಿನಾ ಭಿನ್ನರಾಶಿ ಕೇಳ್ತಾಳಲ್ಲ! ಅಲ್ಲೇನು ಕೇಕ್ ಹಂಚೋಕೆ ಕೂತಿದ್ದಾಳಾ?”

“ವಯಸ್ಸಾಯ್ತಲ್ಲ, ಮರೆವು,” ಎಂದು ಆರ್ಡೆಲ್ ಒಲೆಯ ಕಡೆ ತಿರುಗುವಳು.

ಪರೀಕ್ಷೆ ಹತ್ತಿರವಾದ ಒಂದು ಮಧ್ಯಾಹ್ನ, ಮಿಸ್ ಟೈಟಸ್‌ಳ ಹಣೆ ಮಾತಿನ ನಡುವೆಯೇ ನಿಂತುಹೋಯಿತು. ವೈಫೈ ಇಲ್ಲ. ಆರ್ಡೆಲ್‌ಗೆ ರಕ್ತ ಕುದಿಯಿತು. ಗೊತ್ತಾಗಿದೆ ಈ ಮರ್ಲೀನ್‌ಗೆ, ಹೊಟ್ಟೆಕಿಚ್ಚಿಗೆ ಬೇಕೆಂದೇ ಆರಿಸಿದ್ದಾಳೆ! ಹಿಟ್ಟಿನ ಕೈಯಲ್ಲೇ ಬೇಲಿ ದಾಟಿ ಹೋದಳು.

ಮರ್ಲೀನ್‌ಳ ಪಡಸಾಲೆಯಲ್ಲಿ ಫ್ಯಾನೂ ನಿಂತಿತ್ತು. ಅಬಿಯೋಲಾ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಗೋಡೆಯ ಮೇನ್ ಸ್ವಿಚ್ಚನ್ನು ಮೇಲೆತ್ತುತ್ತಿದ್ದಳು. ಮರ್ಲೀನ್ ಸ್ಟೂಲು ಹಿಡಿದುಕೊಂಡಿದ್ದಳು.

“ಇಸ್ತ್ರಿಪೆಟ್ಟಿಗೆ ಹಾಕಿದ್ದೇ ತಡ, ಫಟ್ ಅಂತು ಕಣೇ,” ಎಂದಳು ಮರ್ಲೀನ್. “ಮೊದ್ಲು ವೈಫೈ ಬರೋ ಹಾಗೆ ಮಾಡಮ್ಮಾ ಅಂತ ಇವ್ಳು ನನ್ನ ಪ್ರಾಣ ತಿಂದ್ಳು.”

ಸ್ವಿಚ್ಚು ಕೂತಿತು, ಫ್ಯಾನು ತಿರುಗಿತು. ಅಬಿಯೋಲಾ ಕೆಳಗಿಳಿದು ಕೈ ಒರೆಸಿಕೊಂಡಳು. “ಬಂತು ಆಂಟಿ. ಬೇಗ ಹೋಗಿ, ಮಿಸ್ ಟೈಟಸ್ ಕಾಯ್ತಿರ್ತಾರೆ.”

ಆರ್ಡೆಲ್‌ಗೆ ಆಗ ಹೊಳೆಯಿತು. ಹೆಸರೂ ಗೊತ್ತು! “ಯಾವಾಗಿಂದ ಗೊತ್ತು ನಿಮ್ಗೆ?” ಎಂದಳು ಮೆಲ್ಲಗೆ.

“ಮೊದಲ್ನೇ ದಿನದಿಂದ,” ಎಂದಳು ಮರ್ಲೀನ್. “ಆ ಹೆಂಗಸಿನ ಗಂಟಲು ಬೀಚಿನವರೆಗೂ ಕೇಳ್ಸತ್ತೆ. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ.” ಈ ಸಲ ಅವಳ ಮಾತಲ್ಲಿ ಕೆಣಕು ಇರಲಿಲ್ಲ.

ನಾಚಿಕೆ ಎಂದರೆ ಇಂಥ ನಾಚಿಕೆಯನ್ನು ಆರ್ಡೆಲ್ ಹುಟ್ಟಿದಾಗಿನಿಂದ ಅನುಭವಿಸಿರಲಿಲ್ಲ. “ಅಬಿಯೋಲಾ, ಪೆನ್ಸಿಲ್ ತಗೊಂಡು ಬಾರಮ್ಮಾ,” ಎಂದಳು. ಹುಡುಗಿ ಒಮ್ಮೆ ಅಮ್ಮನ ಮುಖ ನೋಡಿದಳು, ಮರುಗಳಿಗೆ ಓಡಿಬಂದಳು.

“ಅದ್ಯಾರದು ಇನ್ನೊಂದು ತಲೆ?” ಎಂದು ಕೇಳಿದಳು ಮಿಸ್ ಟೈಟಸ್.

“ಪಕ್ಕದ್ಮನೆ ಹುಡುಗಿ, ಮಿಸ್,” ಎಂದಳು ಆರ್ಡೆಲ್. ಅವಳು ಬಾಗಿಲ ಮರೆಯಿಂದ ಈಚೆ ಬಂದು ಮಾತಾಡಿದ್ದು ಅದೇ ಮೊದಲು.

“ಕೂರ್ಲಿ. ಇಬ್ಬರಿಗೆ ಹೇಳೋಕೆ ನನಗೇನು ಎರಡು ಬಾಯಿ ಬೇಕಾ? ಬರ್ಕೊಳ್ಳಿ ಲೆಕ್ಕ.”

ಒಂದು ತೊಟ್ಟಿಯ ಐದನೇ ಎರಡು ಭಾಗ ನೀರು ಸೋರಿಹೋಗಿದೆ, ಉಳಿದದ್ದರಲ್ಲಿ ಅರ್ಧ ಖರ್ಚಾಗಿದೆ, ಈಗ ಎಷ್ಟಿದೆ? ಕೆರೀಶಾ ಇನ್ನೂ ತೊಟ್ಟಿಯ ಚಿತ್ರ ಬರೆಯುತ್ತಿದ್ದಳು, ಅಬಿಯೋಲಾ ಉತ್ತರ ಹೇಳಿಬಿಟ್ಟಳು. ಸರಿ ಉತ್ತರ. ಮುಂದಿನದಕ್ಕೂ ಅವಳೇ ಮೊದಲು. ನಾನೇ ಕೈಯಾರೆ ಕರೆದು ಕೂರಿಸಿದೆನಲ್ಲ ಎಂದು ಆರ್ಡೆಲ್ ತನ್ನನ್ನೇ ಬೈದುಕೊಂಡಳು.

ಕೆರೀಶಾ ತುಟಿ ಕಚ್ಚಿದಳು. ಆಮೇಲೆ ಯಾರಿಗೂ ಕಾಣದ ಹಾಗೆ, ಮೊಣಕೈಯಿಂದ ಫೋನನ್ನು ತನ್ನ ಕಡೆಗೆ ಒಂದಿಷ್ಟು ಎಳೆದುಕೊಂಡಳು. ಅಬಿಯೋಲಾ ಪರದೆ ಕಾಣಲೆಂದು ಕತ್ತು ಚಾಚಿದಳು.

ಆರ್ಡೆಲ್ ಅದನ್ನು ನೋಡಿದಳು. ಇಬ್ಬರ ಹಿಂದೆ ಬಂದು, ಹುಡುಗಿಯರ ತಲೆಗಳ ನಡುವೆ ಹಿಟ್ಟಿನ ಕೈ ಚಾಚಿ, ಫೋನನ್ನು ಎರಡು ಬೆರಳಷ್ಟು ಅಬಿಯೋಲಾಳ ಕಡೆಗೆ ಸರಿಸಿದಳು.