ಟೈಲರಕ್ಕ ನೀರಿಗಿಳಿದಳು

ಟೈಲರಕ್ಕನ ಸಿಟ್ಟೆಂದರೆ ಬೀದಿಯವರಿಗೆಲ್ಲ ಹೆದರಿಕೆ. ಮೊದಲು ಹಾಗಿರಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಎಲ್ಲರನ್ನೂ ನಗಿಸುತ್ತ ಅಳತೆ ತೆಗೆಯುತ್ತಿದ್ದವಳು. ಹಿಂದಿನ ಬೇಸಿಗೆಯಲ್ಲಿ ಅವಳ ಒಬ್ಬಳೇ ಮಗಳು ಊರ ಹಿಂದಿನ ಕಾಲುವೆಗೆ ಜಾರಿ ಬಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ದಡದಲ್ಲೇ ನಿಂತು ಕೂಗಿಕೊಂಡರು. ಅಷ್ಟು ಜನರಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಓಡಿ ಬಂದು ನೀರಿಗೆ ಹಾರಲು ಹೋದ ತಾಯಿಯನ್ನು ಪಕ್ಕದ ಮನೆಯವಳು ಸೊಂಟ ಹಿಡಿದು ಎಳೆದು ಕೂರಿಸಿದಳು. ಗಂಡಸರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಹಣೆಬರಹ ಎಂದವರ ಮುಖ ನೋಡುವುದನ್ನೇ ಟೈಲರಕ್ಕ ಬಿಟ್ಟಳು. ಚಿಕ್ಕಂದಿನಲ್ಲಿ ಅವಳ ಅಣ್ಣ ಅದೇ ಕಾಲುವೆಯಲ್ಲಿ ಈಜು ಕಲಿತಿದ್ದ. ಆಗ ಅವಳ ಕೈಗೆ ಅಣ್ಣನ ಟವೆಲು ಕೊಟ್ಟು ದಡದಲ್ಲಿ ನಿಲ್ಲಿಸಿದ್ದರು. ಅದು ನೆನಪಾದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು.

ಹೀಗೇ ಬಿಟ್ಟರೆ ತಂಗಿಗೆ ಹುಚ್ಚು ಹಿಡಿದೀತೆಂದು ಅವಳಕ್ಕ ಒಂದು ಮನಶ್ಶಾಂತಿ ಶಿಬಿರಕ್ಕೆ ಎಳೆದೊಯ್ದಳು. ವೇದಿಕೆಯ ಮೇಲಿನ ಮನುಷ್ಯ, ಸಿಟ್ಟು ಬಿಟ್ಟುಬಿಡಿ, ಸಂತೋಷ ನಿಮ್ಮೊಳಗೇ ಇದೆ ಎಂದು ಮೆಲ್ಲಗೆ ಉಪದೇಶಿಸುತ್ತಿದ್ದ. ಟೈಲರಕ್ಕ ಎದ್ದು ನಿಂತಳು.

“ಮಗಳು ಹೋದ್ಮೇಲೆ ನಂಗೆ ಅಂತ ಉಳಿದಿರೋದು ಈ ಸಿಟ್ಟೊಂದೇ. ಅದನ್ನೂ ನಿಮ್ಮ ಕೈಗೆ ಕೊಟ್ಟು ಹೋಗ್ಲಾ?”

ಅಲ್ಲಿಂದ ನೆಟ್ಟಗೆ ಊರ ಈಜುಕೊಳಕ್ಕೆ ನಡೆದಳು. ಹೆಂಗಸರಿಗೆ ಸಮಯ ಇಟ್ಟಿಲ್ಲ ಎಂದ ಮ್ಯಾನೇಜರ್. ಇಡುವ ತನಕ ಏಳುವುದಿಲ್ಲವೆಂದು ಅವನ ಮೇಜಿನೆದುರು ಕುಳಿತೇಬಿಟ್ಟಳು. ಕೊನೆಗೆ ಯಾರೂ ಬಾರದ ಸುಡುಬಿಸಿಲಿನ ಮಧ್ಯಾಹ್ನವನ್ನು ಅವಳಿಗೆ ಬಿಟ್ಟುಕೊಟ್ಟ. ಕೆಲಸದಿಂದ ನಿವೃತ್ತಳಾದ ಡ್ರಿಲ್ ಟೀಚರೊಬ್ಬಳು ಕಲಿಸಲು ಒಪ್ಪಿದಳು. ನೀರಿನ ಜೊತೆ ಜಗಳ ಆಡಬೇಡ ಎಂದು ಎಷ್ಟು ಹೇಳಿದರೂ ಕೇಳದೆ ಟೈಲರಕ್ಕ ನೀರನ್ನು ಗುದ್ದಿದಳು, ಕುಡಿದಳು, ಕೆಮ್ಮಿದಳು, ಬೈದಳು.

ಗಂಡ ಊಟದ ತಟ್ಟೆ ತಳ್ಳಿ ಎದ್ದ. “ಮಗಳನ್ನ ನುಂಗಿದ ನೀರಿಗೆ ಇಳಿಯೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ?”

“ಮನಸ್ಸಿಲ್ಲ. ಆದ್ರೂ ಇಳೀತೀನಿ.”

ಈಜು ಕೈಗೆ ಹತ್ತಿದ ಮೇಲೆ ಹೆಂಗಸರಿಗೆ ತಾನೇ ಕಲಿಸುತ್ತೇನೆಂದು ಅಂಗಡಿಯ ಮುಂದೆ ಬೋರ್ಡು ಹಾಕಿದಳು. ನಾಚುವವರಿಗೆಂದು ಮೈತುಂಬ ಮುಚ್ಚುವ ಈಜುಡುಗೆಯನ್ನೂ ಹೊಲಿದಿಟ್ಟಳು. ಮೊದಲು ಬಂದವಳು ಪಕ್ಕದ ಮನೆಯವಳೇ. ಅವಳೊಡನೆ ಮಾತು ಬಿಟ್ಟಿದ್ದ ಟೈಲರಕ್ಕ ಅಂದು ಬಾಯಿಬಿಟ್ಟಳು.

“ಅವತ್ತು ನನ್ನನ್ನ ಯಾಕೆ ಹಿಡ್ಕೊಂಡೆ?”

“ನಿನ್ನನ್ನಾದ್ರೂ ಉಳಿಸ್ಕೊಳ್ಳೋಣ ಅಂತ,” ಎಂದಳು ಅವಳು ತಲೆ ತಗ್ಗಿಸಿ. “ನಂಗೆ ಬೇರೇನೂ ಬರ್ತಿರಲಿಲ್ಲ.”

ನೀರಲ್ಲಿ ಅವಳ ಬೆನ್ನು ಟೈಲರಕ್ಕನ ಅಂಗೈಗಳ ಮೇಲಿತ್ತು. ಒಂದೇ ಒಂದು ಗಳಿಗೆ ಕೈಬಿಟ್ಟು, ಮುಳುಗುವುದೆಂದರೆ ಏನೆಂದು ತೋರಿಸಿಬಿಡಲೇ ಎನಿಸಿತು. ಹಲ್ಲು ಕಚ್ಚಿ ಹಿಡಿದೇ ಇದ್ದಳು. ಕತ್ತು ಸಡಿಲ ಬಿಡು, ಹೊಟ್ಟೆ ಮೇಲೆತ್ತು ಎಂದು ಗದರಿದಳು. ಆಮೇಲೆ ಮೆಲ್ಲಗೆ ಕೈ ಸರಿಸಿದರೆ ಪಕ್ಕದ ಮನೆಯವಳು ಎಲೆಯ ಹಾಗೆ ತೇಲುತ್ತಿದ್ದಳು. ಯಾರೋ ನಕ್ಕ ಸದ್ದಾಯಿತು. ನಕ್ಕವಳು ತಾನೇ ಎಂದು ತಿಳಿದಾಗ ಟೈಲರಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ತಲೆ ಮುಳುಗಿಸಿ ನೀರೊಳಗೇ ಅತ್ತಳು.

ಮರುದಿನ ಏಳುವಾಗ ಸಿಟ್ಟು ಇದ್ದಲ್ಲೇ ಇತ್ತು. ಆದರೆ ಮಧ್ಯಾಹ್ನ ಯಾವಾಗ ಆದೀತು ಎಂಬ ಆಸೆಯೂ ಅದರ ಪಕ್ಕದಲ್ಲಿತ್ತು. ಆ ಆಸೆ ಮುಂದೆಂದೂ ಬಾಡಲಿಲ್ಲ.

ಹೆಂಗಸರು ಕಲಿತರೆ ಸಾಲದೆಂದು ಶಾಲೆಗೆ ಹೋದಳು. ಹೆಣ್ಣುಮಕ್ಕಳ ಮನೆಯವರು ಒಪ್ಪುವುದಿಲ್ಲ ಎಂದರು ಹೆಡ್‌ಮಾಸ್ಟರು. ಅವರನ್ನು ಒಪ್ಪಿಸುವುದು ತನ್ನ ಹೊಣೆ ಎಂದು ಮನೆ ಮನೆಗೆ ಅಲೆದಳು. ಬಾಗಿಲು ಹಾಕಿಕೊಂಡವರ ಮನೆಗೆ ಮರುದಿನ ಮತ್ತೆ ಹೋದಳು.

ಈಗ ಹುಡುಗಿಯರು ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಅವರಲ್ಲೊಬ್ಬಳು, ಯಾವಾಗಲೂ ಯಾಕೆ ಸಿಟ್ಟಲ್ಲಿರುತ್ತೀರಿ ಎಂದು ಧೈರ್ಯ ಮಾಡಿ ಕೇಳಿಯೇಬಿಟ್ಟಳು.

“ಸಿಟ್ಟಿದೆ ಕಣೇ, ಸುಳ್ಳು ಹೇಳಲ್ಲ. ನಿನ್ನ ಮೇಲಲ್ಲ,” ಎಂದು ಟೈಲರಕ್ಕ ಎರಡೂ ಕೈ ಚಾಚಿದಳು. “ಬಾ, ಇಳಿ.”