ಎರಡು ವಿಭಾಗಗಳ ಫಲಿತಾಂಶ

ಐನಾಪುರದ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಗಣಿತ ಕಲಿಸುತ್ತಿದ್ದ ನೇಮಿನಾಥನಿಗೆ, ಸ್ನೇಹಲ ಬಂದ ಮೇಲೆ ಸ್ಟಾಫ್ ರೂಮಿನ ಚಹಾ ಕೂಡ ರುಚಿಸದಂತಾಯಿತು. ಇನ್ನೊಂದು ವಿಭಾಗಕ್ಕೆ ಗಣಿತ ಕಲಿಸುವ ಆಕೆ ಬಂದು ಎರಡೇ ವರ್ಷ. ಆದರೂ ಲೆಕ್ಕ ತಿಳಿಯದ ಮಕ್ಕಳೆಲ್ಲ ಆಕೆಯ ಟೇಬಲ್ಲಿಗೇ ಮುತ್ತುತ್ತಿದ್ದರು. ಕನ್ನಡದಲ್ಲಿ ಹೇಳಿ, ತಿಳಿಯದವರಿಗೆ ಮರಾಠಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದಳು. ಆ ಗುಂಪಿನಲ್ಲಿ ತನ್ನ ವಿಭಾಗದವರನ್ನೂ ಕಂಡಾಗ ನೇಮಿನಾಥ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದ.

೨೦೧೨ರ ದ್ವಿತೀಯ ಪಿಯು ಫಲಿತಾಂಶ ಬಂತು. ಇಬ್ಬರ ವಿಭಾಗದಲ್ಲೂ ನೂರು ನೂರು ಮಕ್ಕಳು. ಗಣಿತದಲ್ಲಿ ಅವನ ಕಡೆ ಅರವತ್ತೆಂಟು ಜನ ಪಾಸು, ಆಕೆಯ ಕಡೆ ಅರವತ್ತೆರಡು. ನೇಮಿನಾಥ ಹಿಗ್ಗಿದ. ಆದರೆ ಅದೇ ವಾರ ಸ್ನೇಹಲ, ಇಂಗ್ಲಿಷ್ ಮಾಧ್ಯಮದಿಂದ ಬರುವ ಮಕ್ಕಳನ್ನು ಇನ್ನು ಮೇಲೆ ಎರಡೂ ವಿಭಾಗಕ್ಕೆ ಸಮನಾಗಿ ಹಂಚಬೇಕೆಂದು ಪ್ರಾಚಾರ್ಯ ಸಂಭಾಜಿಯವರನ್ನು ಕೇಳಿದಳು.

“ಈಗ ನನ್ನ ಹುಡುಗರ ಮ್ಯಾಲೂ ಕಣ್ಣ ಹಾಕ್ಯಾಳ,” ಎಂದು ಅವನು ಮನೆಯಲ್ಲಿ ತಾಯಿಯ ಮುಂದೆ ಕುದಿದ.

ಆಕೆಯ ಕೈಯಲ್ಲಿ ಆ ಮಕ್ಕಳು ಕೆಡುತ್ತಾರೆಂದು ತೋರಿಸಲು ಹಾಳೆ ಹಿಡಿದು ಕೂತ. ಅವನ ಬಳಿ ಇಂಗ್ಲಿಷ್ ಮಾಧ್ಯಮದವರು ಎಂಬತ್ತು, ಪಾಸಾದವರು ಅರವತ್ತು: ಶೇಕಡಾ ಎಪ್ಪತ್ತೈದು. ಐಗಳಿಯಂಥ ಹಳ್ಳಿಶಾಲೆಗಳಿಂದ ಬಂದ ಇಪ್ಪತ್ತರಲ್ಲಿ ಎಂಟು: ಶೇಕಡಾ ನಲವತ್ತು. ಆಕೆಯ ಬಳಿ ಇಂಗ್ಲಿಷಿನವರು ಇಪ್ಪತ್ತೇ, ಪಾಸಾದವರು ಹದಿನೆಂಟು: ಶೇಕಡಾ ತೊಂಬತ್ತು. ಹಳ್ಳಿಶಾಲೆಯ ಎಂಬತ್ತರಲ್ಲಿ ನಲವತ್ನಾಲ್ಕು: ಶೇಕಡಾ ಐವತ್ತೈದು.

ಎರಡೂ ಗುಂಪಿನಲ್ಲಿ ಆಕೆಯೇ ಮುಂದು! ಪ್ರತಿ ಗುಂಪಿನಲ್ಲಿ ಪಾಸಾಗುವ ಸಂಭವವನ್ನು ವಿಭಾಗದಲ್ಲಿ ಆ ಗುಂಪಿಗಿರುವ ಪಾಲಿನಿಂದ ಗುಣಿಸಿ ಕೂಡಿಸಿದರೆ ಮಾತ್ರ ಅವನ ಮೊತ್ತ ಹೆಚ್ಚು. ಸುಲಭಕ್ಕೆ ಪಾಸಾಗುವವರು ಅವನ ಪಾಲಿಗೆ ಹೆಚ್ಚು ಬಂದಿದ್ದರು, ಅಷ್ಟೆ. ವರ್ಷವರ್ಷವೂ ಬೋರ್ಡಿನ ಮೇಲೆ ತಾನೇ ಬಿಡಿಸುವ ಲೆಕ್ಕ ಅದು.

ಹಂಚಿಕೆಯ ವಿಷಯಕ್ಕೆ ಪ್ರಾಚಾರ್ಯರು ಕರೆದ ಸಭೆಯಲ್ಲಿ ಅವನು ಓದಿದ್ದು ಎರಡೇ ಅಂಕಿ, ಅರವತ್ತೆಂಟು ಮತ್ತು ಅರವತ್ತೆರಡು.

“ಹಂಗಾರ ಮೊದಲಿನಂಗ ನಡೀಲಿ,” ಎಂದರು ಪ್ರಾಚಾರ್ಯರು.

ಹೊರಗೆ ವರಾಂಡದಲ್ಲಿ ಸ್ನೇಹಲ ಕೇಳಿದಳು: “ಸರ್, ಗುಂಪು ಬ್ಯಾರೆ ಬ್ಯಾರೆ ಮಾಡಿ ನೋಡಿದ್ರೇನ್ರಿ?”

ನೇಮಿನಾಥ ಗಕ್ಕನೆ ನಿಂತ. “ನಿಮಗ ಗೊತ್ತಿತ್ತಂದ್ರ ಒಳಗ ಯಾಕ ಹೇಳಲಿಲ್ಲ?”

“ನೀವು ಹಿರ್ಯಾರ. ಎಲ್ಲಾರ ಮುಂದ ಹೆಂಗ ಹೇಳ್ಲಿರಿ? ನೀವ ಹೇಳ್ತೀರಂತ ಕಾದ್ನಿರಿ.”

ಜಗಳಕ್ಕೆ ಬಂದಿದ್ದರೆ ಅವನೂ ಸಿದ್ಧನಿದ್ದ. ಒಳ್ಳೆಯತನದಲ್ಲೂ ಆಕೆ ತನಗಿಂತ ಮುಂದೆ ಹೋದದ್ದನ್ನು ಅವನಿಂದ ನುಂಗಲಾಗಲಿಲ್ಲ. ಎರಡು ದಿನ ಆಕೆಯ ಮುಖ ನೋಡದೆ ತಿರುಗಿದ. ಮೂರನೆಯ ದಿನ ಹಾಳೆ ಒಯ್ದು ಪ್ರಾಚಾರ್ಯರ ಮುಂದಿಟ್ಟ.

ಅವರು ಎರಡೆರಡು ಸಲ ಓದಿದರು. “ಅಲ್ರಿ, ಇದನ್ನ ಸಭಾದಾಗ ಯಾಕ ಹೇಳಲಿಲ್ಲ?”

“ಹೊಟ್ಟಿಕಿಚ್ಚರಿ ಸರ್.”

ಚೇಷ್ಟೆಯೆಂದು ತಿಳಿದು ಪ್ರಾಚಾರ್ಯರು ನಕ್ಕರು.

ಜೂನಿನಲ್ಲಿ ಮಕ್ಕಳನ್ನು ಸಮನಾಗಿ ಹಂಚಿದರು. ಮರುವರ್ಷದ ಫಲಿತಾಂಶದಲ್ಲಿ ಸ್ನೇಹಲ ಬಹಳ ಮುಂದಿದ್ದಳು. ಹೊಟ್ಟೆಯ ಉರಿ ಆರಿರಲಿಲ್ಲ. ಆದರೂ ನೇಮಿನಾಥ ಆಕೆಯ ಟೇಬಲ್ಲಿನ ಹತ್ತಿರ ಹೋಗಿ ನಿಂತು, ಬಿಗಿದ ಮುಖದಲ್ಲೇ ಕೇಳಿದ: “ಮೇಡಂ, ನಾಳೆ ನಿಮ್ಮ ಕ್ಲಾಸಿನ್ಯಾಗ ಹಿಂದ ಕುಂತು ಕೇಳ್ಲೇನ್ರಿ?”